ಸುಧಾರಣೆ ಯಾವ ತುದಿಯಿಂದ ಹೊರಡಬೇಕು?

ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಆಂಧ್ರದ ರಾಯದುರ್ಗಕ್ಕೆ ಸಮೀಪದ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಒಂಬತ್ತು ವರ್ಷ ಗಣಿತ ಕಲಿಸಿದೆ. ಅಲ್ಲಿನ ಅರ್ಧದಷ್ಟು ಮಕ್ಕಳ ಮನೆಮಾತು ತೆಲುಗು. ಶೇಂಗಾ ಕೀಳುವ ದಿನಗಳಲ್ಲಿ ತರಗತಿ ಬರಿದಾಗುತ್ತಿತ್ತು. ಆದರೆ ರೇಷ್ಮೆ ಸೀರೆಯ ಅಂಚಿನ ಎಳೆಗಳನ್ನು ಎಣಿಸುತ್ತಲೇ ಬೆಳೆದ ನೇಕಾರರ ಮಕ್ಕಳು ಸಮಾಂತರ ಶ್ರೇಢಿಯನ್ನು ನಾನು ಹಲಗೆಯ ಮೇಲೆ ಬರೆದು ಮುಗಿಸುವ ಮೊದಲೇ ಗ್ರಹಿಸಿಬಿಡುತ್ತಿದ್ದರು. ಗಂಡ-ಹೆಂಡತಿ ಒಂದೇ ಕಡೆ ಕೆಲಸ ಮಾಡಲು ಅವಕಾಶ ಕೊಡುವ ಪತಿ-ಪತ್ನಿ ಪ್ರಕರಣದಡಿ ಕೋರಿಕೆ ವರ್ಗಾವಣೆ ಸಿಕ್ಕಾಗ ನಾನು ದಾವಣಗೆರೆಗೆ ಬಂದೆ. ನಾನು ಬಿಟ್ಟುಬಂದ ಹುದ್ದೆ ಮೂರು ವರ್ಷ ಖಾಲಿಯೇ ಇತ್ತು. ಪ್ರತಿ ವರ್ಷ ಶಾಲೆ ಶುರುವಾಗಿ ವಾರಗಳು ಕಳೆದ ಮೇಲೆ ಅತಿಥಿ ಶಿಕ್ಷಕರೊಬ್ಬರು ಬರುತ್ತಿದ್ದರು, ಮರುವರ್ಷ ಅವರ ಜಾಗಕ್ಕೆ ಇನ್ನೊಬ್ಬರು. ಹತ್ತನೆಯ ತರಗತಿಯ ಒಬ್ಬ ಹುಡುಗಿ ಫೋನ್ ಮಾಡಿ, ತ್ರಿಕೋನಮಿತಿ ಇನ್ನೂ ಆರಂಭವಾಗಿಲ್ಲ ಎಂದು ಹೇಳಿದ್ದು ಜನವರಿಯಲ್ಲಿ.

ಬೇರೆ ದೇಶಗಳ ಶಾಲೆಗಳ ಬಗ್ಗೆ ನಾನು ಓದತೊಡಗಿದ್ದು ಆ ಕರೆಯ ನಂತರ. ಯಾವ ದೇಶದ ಮಕ್ಕಳು ಎಷ್ಟು ಅಂಕ ಪಡೆಯುತ್ತಾರೆ ಎಂಬುದಕ್ಕಿಂತ, ರಾಜಧಾನಿಯಿಂದ ಅತಿ ದೂರದ ಶಾಲೆಗೆ ಆ ದೇಶ ಯಾರನ್ನು ಕಳಿಸುತ್ತದೆ, ಎಷ್ಟು ಬೇಗ ಕಳಿಸುತ್ತದೆ ಎಂಬುದನ್ನು ತಿಳಿಯಬೇಕೆನಿಸಿತ್ತು.

ಫಿನ್ಲೆಂಡಿನ ಹೆಸರನ್ನು ನಮ್ಮಲ್ಲಿ ಪ್ರತಿಯೊಂದು ಶಿಕ್ಷಕರ ತರಬೇತಿಯಲ್ಲಿಯೂ ಕೇಳುತ್ತೇವೆ. ಹೋಂವರ್ಕ್ ಕಡಿಮೆ, ಪರೀಕ್ಷೆ ಕಡಿಮೆ, ಮಕ್ಕಳು ಸಂತೋಷವಾಗಿರುತ್ತಾರೆ ಎಂಬಲ್ಲಿಗೆ ಆ ಮಾತು ಮುಗಿಯುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಸಂಗತಿ. 1960ರ ದಶಕದವರೆಗೂ ಅಲ್ಲಿ ಹನ್ನೊಂದು ವರ್ಷ ವಯಸ್ಸಿನ ಆಸುಪಾಸಿನಲ್ಲೇ ಮಕ್ಕಳನ್ನು ಎರಡು ದಾರಿಗೆ ಹಚ್ಚಲಾಗುತ್ತಿತ್ತು. ಶುಲ್ಕ ಕಟ್ಟಬಲ್ಲವರು, ಪ್ರವೇಶ ಪರೀಕ್ಷೆಯಲ್ಲಿ ಗೆದ್ದವರು ವಿಶ್ವವಿದ್ಯಾಲಯದ ಕಡೆಗೆ ಒಯ್ಯುವ ಶಾಲೆಗೆ ಹೋದರೆ, ಉಳಿದವರು ಕೆಲವು ವರ್ಷ ಓದಿ ಕೆಲಸಕ್ಕೆ ಸೇರುತ್ತಿದ್ದರು. 1968ರಲ್ಲಿ ಅಲ್ಲಿನ ಸಂಸತ್ತು ಎಲ್ಲ ಮಕ್ಕಳಿಗೂ ಒಂಬತ್ತು ವರ್ಷದ ಒಂದೇ ಬಗೆಯ ಶಾಲೆ ಎಂಬ ಕಾನೂನು ಮಾಡಿತು. ಜಾರಿ ಆರಂಭವಾದದ್ದು 1972ರಲ್ಲಿ, ಉತ್ತರದ ಲ್ಯಾಪ್‌ಲ್ಯಾಂಡ್‌ನಲ್ಲಿ. ಜನವಸತಿ ವಿರಳವಾದ, ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯ ಮೂಡದ ಸೀಮೆ ಅದು. ಅಲ್ಲಿಂದ ವರ್ಷವರ್ಷವೂ ದಕ್ಷಿಣಕ್ಕೆ ಇಳಿಯುತ್ತ ಬಂದ ಸುಧಾರಣೆ ರಾಜಧಾನಿ ಹೆಲ್ಸಿಂಕಿಯ ಪ್ರದೇಶವನ್ನು ತಲುಪಿದ್ದು 1977ರಲ್ಲಿ, ಎಲ್ಲಕ್ಕಿಂತ ಕೊನೆಗೆ. ಹಳೆಯ ವ್ಯವಸ್ಥೆಯಲ್ಲಿ ಕಳೆದುಕೊಳ್ಳಲು ಏನೂ ಇಲ್ಲದವರಿಗೆ ಹೊಸದನ್ನು ಮೊದಲು ಕೊಟ್ಟದ್ದರಿಂದ, ಗಟ್ಟಿಯಾಗಿ ವಿರೋಧಿಸಬಲ್ಲ ನಗರದ ಕುಟುಂಬಗಳ ಮುಂದೆ ಅದು ಬಂದು ನಿಲ್ಲುವ ವೇಳೆಗೆ ನಡೆಯುತ್ತಿರುವ ಶಾಲೆಗಳ ಐದು ವರ್ಷದ ಅನುಭವ ದೇಶದ ಕೈಯಲ್ಲಿತ್ತು. 1979ರಿಂದ ಪ್ರಾಥಮಿಕ ಶಾಲೆಯ ಶಿಕ್ಷಕರಿಗೂ ಸ್ನಾತಕೋತ್ತರ ಪದವಿ ಕಡ್ಡಾಯವಾಯಿತು. ಗಣಿತ ಮತ್ತು ವಿದೇಶಿ ಭಾಷೆಗಳಲ್ಲಿ ಮಕ್ಕಳನ್ನು ಸಾಮರ್ಥ್ಯಕ್ಕೆ ತಕ್ಕಂತೆ ಗುಂಪು ಮಾಡುವ ಪದ್ಧತಿಯನ್ನು 1985ರಲ್ಲಿ ಕೈಬಿಡಲಾಯಿತು. ಆ ದೇಶವನ್ನು ಪೂಜಿಸಬೇಕಾಗಿಲ್ಲ. ಹಲವು ದೇಶಗಳ ಹದಿನೈದು ವರ್ಷದ ಮಕ್ಕಳನ್ನು ಹೋಲಿಸುವ ಪಿಸಾ ಪರೀಕ್ಷೆಯ ಗಣಿತದಲ್ಲಿ 2006ರಲ್ಲಿ 548 ಇದ್ದ ಅದರ ಸರಾಸರಿ 2022ರಲ್ಲಿ 484ಕ್ಕೆ ಇಳಿದಿದೆ, ಅದರ ಕಾರಣಗಳ ಬಗ್ಗೆ ಅಲ್ಲಿಯೇ ದೊಡ್ಡ ಚರ್ಚೆ ನಡೆಯುತ್ತಿದೆ.

ಅದೇ 1968ರಲ್ಲಿ ನಮ್ಮಲ್ಲೂ ಒಂದು ಕಾಗದ ಸಿದ್ಧವಾಗಿತ್ತು ಎಂಬುದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಡಿ.ಎಸ್. ಕೊಠಾರಿಯವರ ಶಿಕ್ಷಣ ಆಯೋಗ 1966ರಲ್ಲಿ ಕೊಟ್ಟ ವರದಿ ಸಮಾನ ಶಾಲಾ ವ್ಯವಸ್ಥೆಯನ್ನೂ, ಒಂದು ಪ್ರದೇಶದ ಮಕ್ಕಳೆಲ್ಲರೂ ಅಲ್ಲಿನ ಶಾಲೆಗೇ ಹೋಗುವ ನೆರೆಹೊರೆಯ ಶಾಲೆಯನ್ನೂ ಶಿಫಾರಸು ಮಾಡಿತ್ತು. 1968ರ ರಾಷ್ಟ್ರೀಯ ಶಿಕ್ಷಣ ನೀತಿ ಸಮಾನ ಶಾಲೆಯ ಮಾತನ್ನು ಒಪ್ಪಿಯೂ ಇತ್ತು. ಅವರು ಕಾನೂನು ಮಾಡಿದರು, ನಾವು ನೀತಿ ಬರೆದೆವು. ಬೆಳಿಗ್ಗೆ ಜಗಳೂರು ರಸ್ತೆಯಲ್ಲಿ ನಿಂತರೆ ಹಳ್ಳಿಗಳಿಂದ ಮಕ್ಕಳನ್ನು ತುಂಬಿಕೊಂಡು ದಾವಣಗೆರೆಯ ಕಡೆಗೆ ಸಾಲಾಗಿ ಬರುವ ಖಾಸಗಿ ಶಾಲೆಗಳ ಹಳದಿ ಬಸ್ಸುಗಳಲ್ಲಿ ಆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಆ ತಂದೆತಾಯಿಯರನ್ನು ನಾನು ದೂರುವುದಿಲ್ಲ. ಊರಿನ ಶಾಲೆಯಲ್ಲಿ ಗಣಿತದ ಶಿಕ್ಷಕರಿಲ್ಲದಿದ್ದರೆ ಸಾಲ ಮಾಡಿಯಾದರೂ ಬಸ್ಸು ಹತ್ತಿಸುತ್ತಾರೆ.

ಹಾಗಾದರೆ ಶಿಕ್ಷಕರು ಅಲ್ಲಿ ಇರುವಂತೆ ಮಾಡುವುದು ಹೇಗೆ? ಈ ಪ್ರಶ್ನೆಗೆ ಜಪಾನ್ ಕೊಟ್ಟ ಉತ್ತರ ನನಗೆ ಫಿನ್ಲೆಂಡಿನದಕ್ಕಿಂತ ಹತ್ತಿರದ್ದಾಗಿ ಕಾಣುತ್ತದೆ. ಅಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರನ್ನು ಸಾಮಾನ್ಯವಾಗಿ ನೇಮಿಸುವುದೂ ವರ್ಗಾಯಿಸುವುದೂ ಪ್ರಾಂತ್ಯದ ಶಿಕ್ಷಣ ಮಂಡಳಿ. ಕೆಲವು ವರ್ಷಗಳಿಗೊಮ್ಮೆ ಶಾಲೆ ಬದಲಾಯಿಸುವುದು ವೃತ್ತಿಜೀವನದ ಉದ್ದಕ್ಕೂ ನಡೆದುಬರುವ ರೂಢಿ. ಆದ್ದರಿಂದ ದೂರದ ಶಾಲೆಗೆ ಹೋಗುವುದು ಶಿಕ್ಷೆಯೂ ಅಲ್ಲ, ಕಿರಿಯರಿಗೆ ಮಾತ್ರ ಬರುವ ಸರದಿಯೂ ಅಲ್ಲ. 1954ರಲ್ಲಿಯೇ, ಅಂದರೆ ಯುದ್ಧದಲ್ಲಿ ಸೋತು ದೇಶ ಇನ್ನೂ ಬಡವಾಗಿದ್ದಾಗಲೇ, ದುರ್ಗಮ ಪ್ರದೇಶಗಳ ಶಿಕ್ಷಣಕ್ಕೆಂದು ಅವರು ಪ್ರತ್ಯೇಕ ಕಾಯ್ದೆ ಮಾಡಿದರು. ದ್ವೀಪಗಳು ಮತ್ತು ಬೆಟ್ಟದ ಹಳ್ಳಿಗಳ ಶಾಲೆಗಳನ್ನು ದುರ್ಗಮತೆಯ ಪ್ರಕಾರ ಹಂತಗಳಾಗಿ ವಿಂಗಡಿಸಿ, ಹಂತ ಏರಿದಂತೆ ಶಿಕ್ಷಕರ ವಿಶೇಷ ಭತ್ಯೆಯೂ ಏರುವಂತೆ ವ್ಯವಸ್ಥೆ ಮಾಡಿದ್ದಾರೆ. ಶಿಕ್ಷಕರಿಗೆ ವಸತಿ ಒದಗಿಸುವ ಮಾತೂ ಆ ಕಾಯ್ದೆಯಲ್ಲಿದೆ.

ನಮ್ಮಲ್ಲಿಯೂ ವಲಯಗಳಿವೆ. ನಗರದ ಶಾಲೆಗಳಿಂದ ದೂರದ ಹಳ್ಳಿಯ ಶಾಲೆಗಳವರೆಗೆ ಎ, ಬಿ, ಸಿ ಎಂದು ವಿಂಗಡಿಸಿದ್ದೇವೆ, ವರ್ಗಾವಣೆಯನ್ನು ನಿಯಂತ್ರಿಸಲು 2007ರಲ್ಲಿ ಒಂದು ಕಾಯ್ದೆ, 2020ರಲ್ಲಿ ಮತ್ತೊಂದು ಕಾಯ್ದೆ ಬಂದಿವೆ, ಖಾಲಿ ಇರುವ ಸ್ಥಳಗಳನ್ನು ಶಿಕ್ಷಕರೇ ಸರದಿಯಂತೆ ಆರಿಸಿಕೊಳ್ಳುವ ಕೌನ್ಸೆಲಿಂಗ್ ಬಂದ ಮೇಲೆ ಶಿಫಾರಸು ಪತ್ರ ಹಿಡಿದು ಅಲೆಯುವುದು ಎಷ್ಟೋ ತಗ್ಗಿದೆ. ಇದನ್ನು ಕೃತಜ್ಞತೆಯಿಂದಲೇ ಹೇಳುತ್ತೇನೆ. ಆದರೆ ಮನೆ ಬಾಡಿಗೆ ಭತ್ಯೆ ಊರಿನ ಜನಸಂಖ್ಯೆಯನ್ನು ಅನುಸರಿಸುವುದರಿಂದ, ಗಡಿಯ ಹಳ್ಳಿಯಲ್ಲಿ ಪಡೆಯುತ್ತಿದ್ದುದಕ್ಕಿಂತ ಹೆಚ್ಚಿನ ಭತ್ಯೆಯನ್ನು ನಾನು ದಾವಣಗೆರೆಯಲ್ಲಿ ಪಡೆಯುತ್ತಿದ್ದೇನೆ. ನಗರದಲ್ಲಿ ಬಾಡಿಗೆ ಹೆಚ್ಚು ಎಂಬುದು ನಿಜವೇ. ಹಳ್ಳಿಯಲ್ಲಿ ಬಾಡಿಗೆಗೆ ಮನೆಯೇ ಸಿಗದೆ, ಚಳ್ಳಕೆರೆಯಲ್ಲಿ ಸಂಸಾರ ಇಟ್ಟು ದಿನವೂ ಬಸ್ಸು ಹಿಡಿಯುವ ಶಿಕ್ಷಕನ ಖರ್ಚು ಮಾತ್ರ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ನಮ್ಮಲ್ಲಿ ವರ್ಗಾವಣೆ ಒಂದೇ ದಿಕ್ಕಿಗೆ ಹರಿಯುವ ನೀರು: ಹೊಸಬರು ದೂರದ ಶಾಲೆಯಲ್ಲಿ ಕಲಿಸುವುದನ್ನು ಕಲಿಯುತ್ತಾರೆ, ಕಲಿತ ಮೇಲೆ ನಗರಕ್ಕೆ ಇಳಿಯುತ್ತಾರೆ. ನಾನೂ ಹಾಗೆಯೇ ಇಳಿದು ಬಂದವರಲ್ಲಿ ಒಬ್ಬ ವ್ಯಕ್ತಿ.

ಮಕ್ಕಳೆಲ್ಲರಿಗೂ ಸಮಾನ ಶಾಲೆ ಕೊಡುವುದರಲ್ಲಿ ಎಲ್ಲ ದೇಶಗಳೂ ಗೆದ್ದಿಲ್ಲ. ಜರ್ಮನಿಯ ಬಹುತೇಕ ರಾಜ್ಯಗಳಲ್ಲಿ ಇಂದಿಗೂ ನಾಲ್ಕನೆಯ ತರಗತಿಯ ನಂತರವೇ ಮಕ್ಕಳು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚಿಹೋಗುತ್ತಾರೆ. ಹ್ಯಾಂಬರ್ಗ್ ನಗರ ಈ ಹಂಚಿಕೆಯನ್ನು ಎರಡು ವರ್ಷ ಮುಂದೂಡಲು ಹೊರಟಾಗ ಅಲ್ಲಿನ ವಿಧಾನಸಭೆಯ ಎಲ್ಲ ಪಕ್ಷಗಳೂ ಒಪ್ಪಿದ್ದವು. 2010ರ ಜುಲೈನಲ್ಲಿ ನಡೆದ ಜನಮತಗಣನೆಯಲ್ಲಿ ಮತದಾರರು ಅದನ್ನು ತಿರಸ್ಕರಿಸಿದರು. ದಕ್ಷಿಣ ಕೊರಿಯಾ 1969ರಿಂದ ಮಾಧ್ಯಮಿಕ ಶಾಲೆಯ ಪ್ರವೇಶ ಪರೀಕ್ಷೆಯನ್ನು ತೆಗೆದು ಲಾಟರಿಯ ಮೂಲಕ ಮಕ್ಕಳನ್ನು ಹಂಚಿತು, 1974ರಲ್ಲಿ ದೊಡ್ಡ ನಗರಗಳ ಪ್ರೌಢಶಾಲೆಗಳಿಗೂ ಅದನ್ನು ವಿಸ್ತರಿಸಿತು. ಶಾಲೆಗಳು ಸಮನಾದವು, ಪೈಪೋಟಿ ಟ್ಯೂಷನ್ ಕೇಂದ್ರಗಳಿಗೆ ಸ್ಥಳಾಂತರವಾಯಿತು. 1945ರಲ್ಲಿಯೇ ವಿಶ್ವವಿದ್ಯಾಲಯದವರೆಗೆ ಉಚಿತ ಶಿಕ್ಷಣ ಕೊಟ್ಟ ಶ್ರೀಲಂಕಾದಲ್ಲಿ ಇಂದು ಐದನೆಯ ತರಗತಿಯ ವಿದ್ಯಾರ್ಥಿವೇತನ ಪರೀಕ್ಷೆಗೇ ಮಕ್ಕಳು ಟ್ಯೂಷನ್‌ಗೆ ಓಡುತ್ತಾರೆ.

ದೂರದ ತುದಿಯಿಂದ ಹೊರಡುವುದು ನಮಗೆ ತಿಳಿಯದ ವಿದ್ಯೆಯೇನೂ ಅಲ್ಲ. ಬಿಸಿಯೂಟದ ಅಕ್ಷರ ದಾಸೋಹವನ್ನು ಕರ್ನಾಟಕ 2002ರಲ್ಲಿ ಆರಂಭಿಸಿದ್ದು ಬೆಂಗಳೂರಿನಲ್ಲಿ ಅಲ್ಲ, ಈಶಾನ್ಯದ ಏಳು ಜಿಲ್ಲೆಗಳಲ್ಲಿ. ನಮ್ಮ ಚಿತ್ರದುರ್ಗ, ದಾವಣಗೆರೆಗಳಿಗೆ ಅದು ಬಂದದ್ದು ಮರುವರ್ಷ. ಅನ್ನದ ವಿಷಯದಲ್ಲಿ ಆದದ್ದು ಶಿಕ್ಷಕರ ವಿಷಯದಲ್ಲೂ ಆಗಬಹುದು. ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದ ಅಶೋಕನ ಶಾಸನದಲ್ಲಿ, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬ ಮಾತು ಕೆತ್ತಲ್ಪಟ್ಟಿದೆ. ಮಕ್ಕಳನ್ನು ಆ ಬಂಡೆಯ ಬಳಿಗೆ ಕರೆದೊಯ್ದು ಅದನ್ನು ವಿವರಿಸಿದ್ದು ನಾನೇ. ಆಚಾರ್ಯರಿಲ್ಲದ ಮೂರು ವರ್ಷ ಅವರು ಯಾರನ್ನು ಗೌರವಿಸಬೇಕಿತ್ತು ಎಂಬ ಪ್ರಶ್ನೆಯನ್ನು ಅವರು ಕೇಳಲಿಲ್ಲ, ಅದು ನನ್ನೊಳಗೇ ಉಳಿದಿದೆ.

ನನಗೆ ಇನ್ನು ಹನ್ನೊಂದು ವರ್ಷ ಸೇವೆಯಿದೆ. ಹದಿನೈದು ವರ್ಷ ಮೀರಿದ ಅನುಭವವಿರುವ ಪ್ರತಿಯೊಬ್ಬ ಶಿಕ್ಷಕರೂ ಮತ್ತೊಮ್ಮೆ ಐದು ವರ್ಷ ಸಿ ವಲಯಕ್ಕೆ ಹೋಗಬೇಕು, ಹೋದವರಿಗೆ ಶಾಲೆಯ ಪಕ್ಕದಲ್ಲೇ ಒಂದು ಮನೆಯಿರಬೇಕು, ದೂರಕ್ಕೆ ತಕ್ಕ ಭತ್ಯೆಯಿರಬೇಕು, ಅವರ ಜಾಗ ಒಂದು ದಿನವೂ ಖಾಲಿ ಬೀಳಬಾರದು ಎಂಬ ನಿಯಮ ಬಂದರೆ ಮೊದಲ ಪಟ್ಟಿಯಲ್ಲಿ ನನ್ನ ಹೆಸರು ಬರೆಸುತ್ತೇನೆಂದು ಮನೆಯಲ್ಲಿ ಹೇಳಿದ್ದೇನೆ. ಮನೆಯವರು ಒಪ್ಪಿದ್ದಾರೆ.