ಕರೆಂಟ್ ಹೋದ್ರೆ ಇದು ಏನ್ಮಾಡುತ್ತೆ ಸಾರ್?

ಮಂಗಳವಾರದಿಂದ ಒಂದೇ ಪ್ರಶ್ನೆ ತಲೆ ಕೊರೆಯುತ್ತಿದೆ. ಅವತ್ತು ಟೆಸ್ಟ್ ಟವರ್‌ನಲ್ಲಿ ನಮ್ಮ ಹೊಸ ಸೇಫ್ಟಿ ಗೇರ್, ಅಂದರೆ ಲಿಫ್ಟ್ ಬೀಳತೊಡಗಿದರೆ ಹಿಡಿದು ನಿಲ್ಲಿಸುವ ಸಾಧನ, ತೋರಿಸುತ್ತಿದ್ದೆವು. ವೇಗ ಮಿತಿ ಮೀರಿದ್ದನ್ನು ಪತ್ತೆಹಚ್ಚುವ ಗವರ್ನರ್ ಹಗ್ಗವೇ ಇಲ್ಲ, ಎಲ್ಲ ಎಲೆಕ್ಟ್ರಿಕ್. ಗ್ರಾಫುಗಳೆಲ್ಲ ಮುಗಿದ ಮೇಲೆ, ಹಿಂದೆ ಗೋಡೆಗೊರಗಿ ನಿಂತಿದ್ದ ಹಿರಿಯ ಮೆಕ್ಯಾನಿಕ್ ಕೇಳಿದರು, "ಕರೆಂಟ್ ಹೋದ್ರೆ ಇದು ಏನ್ಮಾಡುತ್ತೆ ಸಾರ್?"

ನಮ್ಮ ಟೀಮಿನ ಹುಡುಗ ಥಟ್ಟನೆ ಉತ್ತರಿಸಿದ. "ಹಿಡ್ಕೊಳ್ಳುತ್ತೆ ಅಣ್ಣ. ಫೇಲ್ ಸೇಫ್."

"ಕರೆಂಟ್ ಹೋದಾಗಲೆಲ್ಲ ಹಿಡ್ಕೊಳ್ಳುತ್ತಾ?"

ಹುಡುಗ ನನ್ನ ಮುಖ ನೋಡಿದ.

ಈಗಿರುವ ಬಹುತೇಕ ಲಿಫ್ಟುಗಳಲ್ಲಿ ಈ ತಾಪತ್ರಯ ಇಲ್ಲ. ಲಿಫ್ಟಿನ ಜೊತೆಗೇ ಓಡುವ ತೆಳು ಉಕ್ಕಿನ ಹಗ್ಗವೊಂದಿರುತ್ತದೆ. ಮೇಲೆ ಗವರ್ನರ್ ಗಾಲಿ, ಕೆಳಗೆ ಪಿಟ್‌ನಲ್ಲಿ, ಅಂದರೆ ಲಿಫ್ಟಿನ ತಳದ ಗುಂಡಿಯಲ್ಲಿ, ಅದನ್ನು ಬಿಗಿಯಾಗಿಡುವ ಭಾರ. ಲಿಫ್ಟ್ ತನ್ನ ನಿಗದಿತ ವೇಗಕ್ಕಿಂತ ಶೇ. 15ರಷ್ಟಾದರೂ ಜಾಸ್ತಿ ವೇಗದಲ್ಲಿ ಇಳಿದಾಗ ಗವರ್ನರ್ ಆ ಹಗ್ಗವನ್ನು ಹಿಡಿಯುತ್ತದೆ. ಹಗ್ಗ ನಿಂತಿತು, ಲಿಫ್ಟ್ ಮಾತ್ರ ಇಳಿಯುತ್ತಲೇ ಇದೆ. ಆಗ ಹಗ್ಗಕ್ಕೆ ಕಟ್ಟಿದ ಸನ್ನೆಕೋಲು ಮೇಲೇಳುತ್ತದೆ, ಲಿಫ್ಟಿನ ಬೆಣೆಗಳು ಅದು ಓಡುವ ಹಳಿಯನ್ನು, ಅಂದರೆ ಗೈಡ್ ರೈಲನ್ನು, ಕಚ್ಚುತ್ತವೆ. ಇಷ್ಟಕ್ಕೂ ಒಂದು ಹನಿ ಕರೆಂಟ್ ಬೇಡ. ಆದರೆ ಬೇಸ್‌ಮೆಂಟಿಗೆ ಮಳೆನೀರು ನುಗ್ಗಿದ ಮೇಲೆ ಆ ಪಿಟ್ ಹೇಗಿರುತ್ತದೆ ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ತುಕ್ಕು ಹಿಡಿದ ಗಾಲಿ, ಕೆಸರಿನಲ್ಲಿ ಕೂತ ಭಾರ. ಹಗ್ಗ ಬೇಡ ಅನ್ನುವುದಕ್ಕೆ ನನ್ನ ದೊಡ್ಡ ಕಾರಣವೇ ಅದು.

ಹೊಸದರಲ್ಲಿ ವೇಗವನ್ನು ಸೆನ್ಸರ್ ಅಳೆಯುತ್ತದೆ. ಕರೆಂಟ್ ಹರಿಯುವ ತಂತಿಸುರುಳಿ, ಅಂದರೆ ಕಾಯಿಲ್, ಒಂದು ಸ್ಪ್ರಿಂಗನ್ನು ಹಿಂದಕ್ಕೆ ಹಿಡಿದಿಟ್ಟಿರುತ್ತದೆ, ನುಗ್ಗಲು ಕಾದಿರುವ ನಾಯಿಯ ಸರಪಳಿ ಹಿಡಿದ ಹಾಗೆ. ವೇಗ ಮಿತಿ ಮೀರಿದಾಗ ಕಾಯಿಲ್‌ನ ಕರೆಂಟ್ ಕಡಿಯುತ್ತದೆ. ಕಾಯಿಲ್‌ಗೆ ಕರೆಂಟ್ ನಿಂತರೆ ಸ್ಪ್ರಿಂಗ್ ಒಂದು ಮ್ಯಾಗ್ನೆಟ್ಟನ್ನು ರೈಲಿಗೆ ತಳ್ಳುತ್ತದೆ. ಮ್ಯಾಗ್ನೆಟ್ ರೈಲಿಗೆ ಅಂಟಿ ನಿಲ್ಲುತ್ತದೆ, ಇಳಿಯುತ್ತಿರುವ ಲಿಫ್ಟ್ ಬೆಣೆಯನ್ನು ತಾನೇ ಎಳೆದುಕೊಳ್ಳುತ್ತದೆ. ಎರಡೂ ಬದಿಯಲ್ಲಿ ಒಟ್ಟಿಗೇ ಆಗಬೇಕು, ಇಲ್ಲವಾದರೆ ಲಿಫ್ಟ್ ಓರೆಯಾಗುತ್ತದೆ. ಸೆಕೆಂಡಿಗೆ 1 ಮೀಟರ್ ಓಡುವ ಲಿಫ್ಟು ನಿಂತಲ್ಲಿಂದಲೇ ಬೀಳತೊಡಗಿದರೆ 1.15 ಮೀಟರ್ ವೇಗ ಮುಟ್ಟಲು ಸುಮಾರು 0.12 ಸೆಕೆಂಡ್ ಸಾಕು. ಅಷ್ಟರಲ್ಲಿ ಅದು ಇಳಿದಿರುವುದು ಸುಮಾರು 7 ಸೆಂಟಿಮೀಟರ್. ಸೆನ್ಸರ್ ಅಷ್ಟೂ ಕಾಯಬೇಕಿಲ್ಲ, ಬೀಳುವ ರಭಸದಲ್ಲೇ ಗುರುತಿಸಬಹುದು.

ಇದರ ಮೂಲ ಉಪಾಯ ಹಳೆಯದೇ. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಲಿಫ್ಟ್ ತಯಾರಕ ಎಲಿಷಾ ಓಟಿಸ್ ತಾನು ನಿಂತ ವೇದಿಕೆಯ ಹಗ್ಗವನ್ನೇ ಕಡಿಸಿ ತೋರಿಸಿದನಲ್ಲ, ಅಲ್ಲೂ ಹಗ್ಗದ ಬಿಗಿ ಇರುವ ತನಕ ಸ್ಪ್ರಿಂಗ್ ಬಾಗಿಕೊಂಡು ಸುಮ್ನಿರುತ್ತಿತ್ತು. ಬಿಗಿ ಹೋದ ಕ್ಷಣ ಬಿಚ್ಚಿಕೊಂಡು ಪಕ್ಕದ ಹಲ್ಲುಪಟ್ಟಿಗೆ ಸಿಕ್ಕಿಕೊಳ್ಳುತ್ತಿತ್ತು. ಹಗ್ಗದ ಬಿಗಿಯ ಜಾಗಕ್ಕೆ ನಾವು ಕರೆಂಟ್ ತಂದಿದ್ದೇವೆ. ಆದರೆ ಹಗ್ಗ ದಿನಕ್ಕೆ ನಾಲ್ಕು ಸಲ ತುಂಡಾಗುವುದಿಲ್ಲ. ಕರೆಂಟ್ ಹೋಗುತ್ತದೆ.

"ಕರೆಂಟ್ ಹೋದಾಗಲೆಲ್ಲ ಹಿಡ್ಕೊಳ್ಳುತ್ತಾ?" ಅವರ ಪ್ರಶ್ನೆಯ ತೂಕ ಇರುವುದು ಇಲ್ಲೇ. ಕರೆಂಟ್ ಹೋದರೆ ಮೋಟಾರಿನ ಬ್ರೇಕ್ ಹೇಗೂ ಬಿದ್ದು ಲಿಫ್ಟ್ ನಿಲ್ಲುತ್ತದೆ. ಆಮೇಲೆ ಎಆರ್‌ಡಿ ಅನ್ನುವ ರಕ್ಷಣಾ ಸಾಧನ ಬ್ಯಾಟರಿಯಲ್ಲಿ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುತ್ತದೆ. ಆದರೆ ಬೆಣೆ ಒಮ್ಮೆ ಕಚ್ಚಿತು ಅಂದರೆ ಎಆರ್‌ಡಿ ಆಟ ನಡೆಯುವುದಿಲ್ಲ. ಲಿಫ್ಟನ್ನು ಮೇಲಕ್ಕೆತ್ತಿಯೇ ಬಿಡಿಸಬೇಕು. ಒಳಗಿರುವವರು, ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಮೆಕ್ಯಾನಿಕ್ ಬರುವ ತನಕ ಕತ್ತಲಲ್ಲಿ ಕಾಯಬೇಕು.

ಅದಕ್ಕೇ ಕಾಯಿಲ್‌ಗೆ ಬ್ಯಾಟರಿ ಇಟ್ಟಿದ್ದೇವೆ ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. "ಬ್ಯಾಟರಿ ಸಾಯುತ್ತೆ ಸಾರ್. ಎರಡು ಸಲ ಸುಮ್ಸುಮ್ನೆ ಹಿಡಿದ್ರೆ ಮೂರನೇ ಸಲ ಯಾರಾದ್ರೂ ವೈರ್ ಹಾಕಿಬಿಡ್ತಾರೆ."

ನನಗೆ ನಿಜವಾಗಿ ಭಯ ಹುಟ್ಟಿಸಿದ ಮಾತು ಇದು. ಬಾಗಿಲು ಮುಚ್ಚಿದೆಯಾ ಅಂತ ನೋಡುವ ಕಾಂಟ್ಯಾಕ್ಟ್ ಕೈಕೊಟ್ಟಾಗ, ಜಂಪರ್ ವೈರ್ ಹಾಕಿ ಅದನ್ನು ತಪ್ಪಿಸಿ ಲಿಫ್ಟ್ ಓಡಿಸುವವರು ಇದ್ದಾರೆ. ಬಾಗಿಲು ತೆರೆದೇ ಇರುತ್ತದೆ, ಲಿಫ್ಟ್ ಇನ್ನೆಲ್ಲೋ ಇರುತ್ತದೆ, ಜನ ಕಾಲಿಡುತ್ತಾರೆ. ಹಾಗೆ ಮಾಡುವವರೆಲ್ಲ ಕೆಟ್ಟವರು ಅಂತ ನಾನು ಹೇಳಲಾರೆ. ಅತಿ ಕಡಿಮೆ ದರಕ್ಕೆ ಮೇಂಟೆನೆನ್ಸ್ ಕೊಟ್ಟು, "ಹತ್ತು ನಿಮಿಷದಲ್ಲಿ ಲಿಫ್ಟ್ ಓಡಬೇಕು" ಅಂತ ಫೋನಲ್ಲಿ ಕಿರುಚುವ ಅಪಾರ್ಟ್‌ಮೆಂಟ್ ಕಮಿಟಿಯವರದ್ದೂ ಅದರಲ್ಲಿ ಪಾಲಿದೆ. ಸುಮ್ಸುಮ್ನೆ ಹಿಡಿಯುವ ಸಾಧನ ಮಾಡಿಕೊಟ್ಟವರದ್ದೂ ಇದೆ. ಎಷ್ಟು ಬೇಗ ಹಿಡಿಯುತ್ತದೆ ಅಂತ ಮಿಲಿಸೆಕೆಂಡಿನಲ್ಲಿ ಅಳೆಯುವ ನಾವು, ಕಾರಣವಿಲ್ಲದೆ ಎಷ್ಟು ಸಲ ಹಿಡಿಯುತ್ತದೆ ಅನ್ನುವುದನ್ನೂ ಅಷ್ಟೇ ಕಟ್ಟುನಿಟ್ಟಾಗಿ ಅಳೆಯಬೇಕು.

ಗುರುವಾರ ಆ ಹಿರಿಯ ಮೆಕ್ಯಾನಿಕ್ ಅವರನ್ನೇ ಕರೆದು ಡ್ರಾಯಿಂಗ್ ಮುಂದೆ ಕೂರಿಸಿಕೊಂಡೆವು. ಒಂದು ದಾರಿ ಸಿಕ್ಕಿದೆ. ಕರೆಂಟ್ ಹೋದಾಗ ಎಆರ್‌ಡಿ ಕೆಲಸ ಮುಗಿಯುವ ತನಕ ಕಾಯಿಲ್ ಬ್ಯಾಟರಿಯಲ್ಲಿ ಹಿಡಿದಿರಲಿ. ಲಿಫ್ಟ್ ಮಹಡಿಯಲ್ಲಿ ನಿಂತ ಮೇಲೆ ಬ್ಯಾಟರಿ ತೀರಾ ಇಳಿದರೆ ಕಾಯಿಲ್ ಮ್ಯಾಗ್ನೆಟ್ಟನ್ನು ರೈಲಿಗೆ ಬಿಟ್ಟುಬಿಡಲಿ. ಲಿಫ್ಟ್ ಅಲುಗಾಡದಿದ್ದರೆ ಬೆಣೆ ಏಳುವುದಿಲ್ಲ. ಕರೆಂಟ್ ಬಂದಾಗ ಕಾಯಿಲ್ ಮ್ಯಾಗ್ನೆಟ್ಟನ್ನು ವಾಪಸ್ ಎಳೆದುಕೊಳ್ಳುತ್ತದೆ, ಯಾರೂ ಬರಬೇಕಾಗಿಲ್ಲ.

ಉಳಿದಿರುವುದು ಬ್ಯಾಟರಿಯ ಜಗಳ. ಬ್ಯಾಟರಿ ವೀಕಾದರೆ ಎಚ್ಚರಿಕೆ ತೋರಿಸಿದರೆ ಸಾಕು, ಲಿಫ್ಟ್ ಓಡಲಿ ಅನ್ನುತ್ತಾನೆ ಹುಡುಗ. ಮಹಡಿಗೆ ಬಂದು ಬಾಗಿಲು ತೆರೆದು ನಿಂತುಬಿಡಬೇಕು ಅನ್ನುತ್ತಾರೆ ಮೆಕ್ಯಾನಿಕ್. "ಎಚ್ಚರಿಕೆ ಲೈಟನ್ನ ಯಾರು ನೋಡ್ತಾರೆ ಸಾರ್?" ನಾನು ಅವರ ಕಡೆ. ಸೋಮವಾರದ ರಿವ್ಯೂನಲ್ಲಿ ಅವರಿಗೂ ಒಂದು ಕುರ್ಚಿ ಹಾಕಿಸಿದ್ದೇನೆ.