ಲಾಸ್ಟ್ ಹಾರ್ಸ್ ಗಣಿಗೆ ಹೋಗುವುದಾದರೆ ಬಾಚಣಿಗೆ ಮರೆಯಬೇಡಿ

ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದಲ್ಲಿ ಕಳ್ಳಿ ಹೂ ನೋಡಲು ಮಾರ್ಚ್‌ನಲ್ಲೇ ಓಡಬೇಡಿ. ತಗ್ಗಿನಲ್ಲಿ ಆಗ ಹೂವಿರುತ್ತದೆ, ನಿಜ. ಆದರೆ ಉದ್ಯಾನದೊಳಗಿನ ಹಳೆಯ ಚಿನ್ನದ ಗಣಿ ಲಾಸ್ಟ್ ಹಾರ್ಸ್ ಇರುವುದು ಸುಮಾರು 5,000 ಅಡಿ ಎತ್ತರದಲ್ಲಿ. ಇಲ್ಲಿನ ಕಳ್ಳಿಗೆ ಏಪ್ರಿಲ್ ನಡುವಿನಿಂದ ಮೇ ಮೊದಲ ವಾರದವರೆಗೆ ಕಾಯಬೇಕು. ಅಂದಹಾಗೆ, ಉದ್ಯಾನಕ್ಕೆ ಹೆಸರು ಕೊಟ್ಟ ಜೋಶುವಾ ಮರ ಕಳ್ಳಿಯೇ ಅಲ್ಲ, ಕತ್ತಾಳೆ ಬಳಗದ ಯುಕ್ಕಾ ಜಾತಿಯದು.

ಕೀಸ್ ವ್ಯೂ ರಸ್ತೆಯಿಂದ ಮಣ್ಣುದಾರಿಗೆ ತಿರುಗಿದರೆ ಕಾರು ನಿಲ್ಲಿಸುವ ಜಾಗ. ಅಲ್ಲಿಂದ ಗಣಿಗೆ 2 ಮೈಲಿ; ಹೋಗಿ ಬರಲು 4. ಉದ್ಯಾನದ ಒಳಭಾಗದಲ್ಲಿ ಕುಡಿಯುವ ನೀರಿಲ್ಲ, ಫೋನ್ ಸಿಗ್ನಲ್ ಇಲ್ಲ. ತಲೆಗೆ ದಿನಕ್ಕೆ 4 ಲೀಟರ್ ಲೆಕ್ಕ ಹಿಡಿಯಿರಿ: ಎರಡು ಲೀಟರ್ ಅವರವರ ಬೆನ್ನಚೀಲದಲ್ಲಿ, ಎರಡು ಲೀಟರ್ ಕಾರಿನಲ್ಲಿ. ಎಂಟು ಜನರ ನೀರನ್ನು ಇಬ್ಬರು ಹೊತ್ತರೆ, ಗುಂಪು ಚದುರಿದೊಡನೆ ಆರು ಜನ ಬಾಯಾರಿ ಕೂರುತ್ತಾರೆ. ನಿಧಾನ ನಡೆಯುವವರು ಮುಂದಿರಲಿ, ದಾರಿ ಬಲ್ಲವರೊಬ್ಬರು ಕೊನೆಯಲ್ಲಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲೇ ಹೇಳಿ ಹೊರಡಿ.

ಚೋಯಾ ಕಳ್ಳಿಯ ಮುಳ್ಳಿಗೆ ಹಿಮ್ಮುಖ ಕೊಕ್ಕೆಗಳಿವೆ. ತುಸು ತಾಗಿದರೂ ತುಂಡೇ ಕಳಚಿ ಮೈಗೆ ಅಂಟುತ್ತದೆ. ಕೈಯಲ್ಲಿ ಕಿತ್ತರೆ ಆ ಕೈಗೂ ಚುಚ್ಚಿಕೊಳ್ಳುತ್ತದೆ. ಬಾಚಣಿಗೆಯ ಹಲ್ಲನ್ನು ಚರ್ಮಕ್ಕೂ ತುಂಡಿಗೂ ನಡುವೆ ತೂರಿಸಿ, ಎದುರಿಗೆ ಯಾರೂ ಇಲ್ಲದ ಕಡೆಗೆ ಒಮ್ಮೆಲೇ ಚಿಮ್ಮಿಸಿ. ಉಳಿದ ಮುಳ್ಳನ್ನು ಚಿಮಟದಿಂದ ತೆಗೆಯಿರಿ.

ಇನ್ನೊಂದು ಮೋಸಗಾತಿ ಬೀವರ್‌ಟೇಲ್, ನಮ್ಮ ಪಾಪಾಸುಕಳ್ಳಿಯ ಬಳಗ. ಬೂದುನೀಲಿ ಹಾಳೆಯಲ್ಲಿ ದೊಡ್ಡ ಮುಳ್ಳಿಲ್ಲ, ಅಂಚಿನಲ್ಲಿ ಕಡು ಗುಲಾಬಿ ಹೂ. ಹೂವಿನೊಳಗಿನ ಕೇಸರಗಳನ್ನು ಹುಲ್ಲುಕಡ್ಡಿಯಿಂದ ಮುಟ್ಟಿದರೆ ಅವು ಮೆಲ್ಲನೆ ಒಳಕ್ಕೆ ಬಾಗುತ್ತವೆ. ಬೆರಳು ಮಾತ್ರ ಬೇಡ: ಹಾಳೆಯ ಚುಕ್ಕೆಗಳಲ್ಲಿ ಕೂದಲಿಗಿಂತ ಸಣ್ಣ ಮುಳ್ಳುಗಳ ಗೊಂಚಲಿದೆ. ತಾಗಿದರೆ ಉಜ್ಜಬೇಡಿ, ಉಜ್ಜಿದಷ್ಟೂ ಒಳಹೋಗುತ್ತವೆ. ಮೊದಲು ಚಿಮಟ, ಆಮೇಲೆ ಬಿಳಿ ಗೋಂದು ಸವರಿ, ಮೇಲೆ ತೆಳು ಬಟ್ಟೆ ಹಾಕಿ, ಒಣಗಿದ ಮೇಲೆ ಸುಲಿಯಬೇಕು. ಕೆಂಪು ಹೂವಿನ ಗುಮ್ಮಟದಂಥ ಪೊದೆ ಕಂಡರೆ ಅದು ಮೊಹಾವಿ ದಿಬ್ಬಗಳ್ಳಿ. ಫೋಟೋಗೆಂದು ದಾರಿ ಬಿಟ್ಟು ಹಿಂದೆ ಸರಿಯುವಾಗಲೇ ಜನ ಇನ್ನೊಂದು ಕಳ್ಳಿಯ ಮೇಲೆ ಕೂರುವುದು.

ಗಣಿಯಲ್ಲಿ ಕಾಣುವ ದೊಡ್ಡ ಮರದ ಚೌಕಟ್ಟು ಹತ್ತು ಒನಕೆಗಳ ಸ್ಟ್ಯಾಂಪ್ ಮಿಲ್. ಉಗಿಯಂತ್ರ ಒನಕೆಗಳನ್ನು ಎತ್ತಿ ಬೀಳಿಸಿ ಅದಿರನ್ನು ಕುಟ್ಟುತ್ತಿತ್ತು. ಪುಡಿಯನ್ನು ನೀರಿನೊಂದಿಗೆ ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸಿದರೆ ಚಿನ್ನ ಪಾದರಸಕ್ಕೆ ಅಂಟುತ್ತಿತ್ತು. ಕೋಲಾರದಲ್ಲೂ ಇಂಥ ಒನಕೆಗಳೇ ಕುಟ್ಟಿದ್ದು. 1894ರಿಂದ 1931ರವರೆಗೆ ಇಲ್ಲಿ ಹೊರಬಂದದ್ದು 10,000 ಔನ್ಸ್‌ಗೂ ಹೆಚ್ಚು ಚಿನ್ನ, 16,000 ಔನ್ಸ್ ಬೆಳ್ಳಿ. ಉಗಿಯಂತ್ರದ ಒಲೆಗೆ ಸುತ್ತಲಿನ ಮರಗಳನ್ನೆಲ್ಲ ಕಡಿದರು. ಗುಡ್ಡಗಳು ಇಂದಿಗೂ ಬೋಳು.

ಮಿಲ್ಲಿನ ಸುತ್ತ ಬೇಲಿಯಿದೆ, ದಾಟಬೇಡಿ. ಹಳೆಯ ಸುರಂಗದ ತೊಲೆಗಳು ಲಡ್ಡಾಗಿರುತ್ತವೆ, ಒಳಗೆ ಆಮ್ಲಜನಕ ಕಡಿಮೆಯಿರಬಹುದು, ನೆರಳಿಗೆ ಗಿಲಕಿ ಹಾವು ಸೇರಿರಬಹುದು. ಇನ್ನೂ ಮುಂದೆ ಸಾಗಿ ಸುತ್ತುದಾರಿ ಹಿಡಿದರೆ ಒಟ್ಟು 6.5 ಮೈಲಿ. ಮಕ್ಕಳಿದ್ದರೆ, ಅಥವಾ ಮಿಲ್ಲಿನ ಬಳಿ ತಲುಪುವಷ್ಟರಲ್ಲಿ ಯಾರದಾದರೂ ಒಂದು ಲೀಟರ್ ಖಾಲಿಯಾಗಿದ್ದರೆ, ಬಂದ ದಾರಿಯಲ್ಲೇ ಹಿಂದಿರುಗಿ.