ಜೂನಿಯರ್ ಲಾಯರ್ ಅಂದ್ರೆ ಪುಕ್ಕಟೆ ದುಡಿಮೆನಾ?

ಬೆಳಗ್ಗೆ ಕಾಸ್ ಲಿಸ್ಟ್ (ಅವತ್ತು ಕೋರ್ಟಲ್ಲಿ ಬರೋ ಕೇಸುಗಳ ಪಟ್ಟಿ) ನೋಡಿ ಫೈಲ್ ಜೋಡಿಸ್ಬೇಕು, ಸೀನಿಯರ್ ಬೇರೆ ಕೋರ್ಟ್ ಹಾಲಲ್ಲಿದ್ರೆ ಓಡಿ ಹೋಗಿ ಪಾಸ್ ಓವರ್, ಅಂದ್ರೆ ಕೇಸನ್ನ ಸ್ವಲ್ಪ ಹೊತ್ತು ಬಿಟ್ಟು ಕರೀರಿ ಅಂತ ಕೇಳ್ಬೇಕು, ಮಧ್ಯಾಹ್ನ ಸರ್ಟಿಫೈಡ್ ಕಾಪಿಗೆ ಕ್ಯೂ, ಆಮೇಲೆ ರಾತ್ರಿವರೆಗೂ ಆಫೀಸಲ್ಲಿ ಡ್ರಾಫ್ಟಿಂಗ್, ಇಷ್ಟೆಲ್ಲಾ ಮಾಡಿದ್ರೂ ತಿಂಗಳ ಕೊನೆಗೆ ಕೈಗೆ ಬರೋದು ಬೆಂಗಳೂರಿನ ಪಿಜಿ ಬಾಡಿಗೆಗೂ ಸಾಲಲ್ಲ, ಕೆಲವ್ರಿಗೆ ಅದೂ ಇಲ್ಲ. ಕೇಳಿದ್ರೆ "ಕೆಲ್ಸ ಕಲಿಸ್ತಿದೀನಲ್ಲಪ್ಪ" ಅಂತಾರೆ.

2024ರ ಅಕ್ಟೋಬರಲ್ಲಿ ಲಾಯರ್‌ಗಳ ರಾಷ್ಟ್ರೀಯ ಸಂಸ್ಥೆ ಬಾರ್ ಕೌನ್ಸಿಲ್ ಆಫ್ ಇಂಡಿಯಾ, ಜೂನಿಯರ್‌ಗಳಿಗೆ ಸಿಟಿಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ರೂಪಾಯಿ ಸ್ಟೈಪೆಂಡ್ ಕೊಡಿ ಅಂತ ಸರ್ಕ್ಯುಲರ್ ಹೊರಡಿಸ್ತು, ಆದ್ರೆ ಅದು ಬರೀ ಶಿಫಾರಸು. ಕಡ್ಡಾಯ ಮಾಡ್ಲೇಬೇಕು ಕಣ್ರೀ! ಅಪ್ಪ ಲಾಯರ್ ಆಗಿದ್ದೋರು ಹೇಗೋ ತಡ್ಕೋತಾರೆ, ರಾಯಚೂರಿಂದ ಬಂದು ಮನೆಗೂ ದುಡ್ಡು ಕಳಿಸ್ಬೇಕಾದ ಹುಡುಗಿ ಎಷ್ಟ್ ದಿನ ತಡೀತಾಳೆ? ನನ್ ಬ್ಯಾಚಲ್ಲೇ ಚೆನ್ನಾಗಿ ವಾದ ಮಾಡ್ತಿದ್ದೋರು ಕರಿ ಕೋಟು ಬಿಚ್ಚಿಟ್ಟು ಯಾವ್ಯಾವ್ದೋ ಕಂಪನಿ ಸೇರ್ಕೊಂಡ್ರು, ನೆನಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.